ಅಕ್ಷಿಪಟಲಕ್ಕೆ ಕಟ್ಟಿದ ಒಡ್ಡು

ದಪ್ಪ ಕನ್ನಡಕ ಸಾಕಾಗಿ ಲಾಸಿಕ್ ಮಾಡಿಸಿಕೊಳ್ಳಲು ಕಣ್ಣಾಸ್ಪತ್ರೆಗೆ ಹೋದ ಕೆಲವರಿಗೆ ಅಲ್ಲಿ ಬೇರೊಂದು ಮಾತು ಕೇಳಿಬರುತ್ತದೆ: ‘ನಿಮ್ಮ ರೆಟಿನಾದ ಅಂಚು ತೆಳುವಾಗಿದೆ, ಮೊದಲು ಬ್ಯಾರೇಜ್ ಲೇಸರ್ ಮಾಡಿಸಿ.’ ಬ್ಯಾರೇಜ್ ಫ್ರೆಂಚ್ ಪದ. ಅಡ್ಡಗಟ್ಟೆ, ಒಡ್ಡು ಎಂದರ್ಥ. ವೈದ್ಯಕೀಯದಲ್ಲಿ ಇಷ್ಟು ಸರಿಯಾಗಿ ಕೂರುವ ಹೆಸರುಗಳು ಕಡಿಮೆ. ಅಕ್ಷಿಪಟಲ ಹರಿದರೆ ಕಣ್ಣೊಳಗಿನ ನೀರು ಆ ತೂತಿನಿಂದ ಹಿಂದಕ್ಕೆ ನುಗ್ಗಿ, ತೇವ ಹಿಡಿದ ಗೋಡೆಯಿಂದ ಸುಣ್ಣದ ಪದರ ಏಳುವಂತೆ ಪಟಲವನ್ನು ಎಬ್ಬಿಸುತ್ತದೆ. ತೂತಿನ ಸುತ್ತ ಲೇಸರಿನಿಂದ ಚಿಕ್ಕ ಚಿಕ್ಕ ಸುಟ್ಟ ಗುರುತುಗಳನ್ನು ಇಟ್ಟರೆ, ಅವು ಮಾಯುವಾಗ ಪಟಲ ಹಿಂದಿನ ಪದರಕ್ಕೆ ಅಂಟಿಕೊಳ್ಳುತ್ತದೆ. ನೀರು ಅಲ್ಲಿಗೆ ನಿಲ್ಲುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಟಲ ಕಳಚಿತೆಂದರೆ ಆ ಕಣ್ಣು ಹೋದಂತೆಯೇ. ರೋಗಿಯನ್ನು ವಾರಗಟ್ಟಲೆ ಅಲ್ಲಾಡದೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಜೂಲ್ ಗೊನ್ಯಾ (1870–1935) ಹಿಡಿದ ಹಟ ಒಂದೇ: ತೂತು ಕಳಚಿಕೆಯ ಪರಿಣಾಮವಲ್ಲ, ಕಾರಣ, ಅದನ್ನು ಹುಡುಕಿ ಮುಚ್ಚಬೇಕು. ಅವರು ಕಣ್ಣಿನ ಬಿಳಿಯ ಗೋಡೆಯನ್ನು ಕೊಯ್ದು, ಕಾದ ಮೊನೆಯಿಂದ ತೂತಿರುವ ಜಾಗವನ್ನು ಸುಟ್ಟರು. ಸಹೋದ್ಯೋಗಿಗಳು ಬಹುಕಾಲ ನಂಬಲಿಲ್ಲ. 1929ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ಹೊತ್ತಿಗೆ ಒಪ್ಪದೆ ವಿಧಿಯಿರಲಿಲ್ಲ.

ಗೊನ್ಯಾ ಹೇಳಿದ್ದು ನಿಜವಾದರೆ, ಪಟಲ ಕಳಚುವ ಮೊದಲೇ ತೂತನ್ನು ಮುಚ್ಚಬಾರದೇಕೆ? ಪ್ರಶ್ನೆ ಸಹಜವೇ. ಆದರೆ ಚೆನ್ನಾಗಿ ಕಾಣುತ್ತಿರುವ ಕಣ್ಣಿಗೆ ಕಾದ ಮೊನೆ ಚುಚ್ಚಲು ಯಾರಿಗೆ ಧೈರ್ಯ ಬಂದೀತು? ಕಣ್ಣನ್ನು ಕೊಯ್ಯದೆ ಸುಡುವ ದಾರಿ ಬೇಕಿತ್ತು.

ಅದು ಸಿಕ್ಕಿದ್ದು ಗ್ರಹಣದಿಂದ. 1945ರ ಜುಲೈನಲ್ಲಿ ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಜರ್ಮನಿಯ ಯುವ ವೈದ್ಯ ಗೆರ್ಡ್ ಮೇಯರ್-ಶ್ವಿಕೆರಾಟ್ ಅವರ ಬಳಿ ಬಂದ. ಅವನ ಅಕ್ಷಿಪಟಲದ ನಡುವೆ ಸುಟ್ಟ ಗುರುತಿತ್ತು. ಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಬೇಡ ಎಂಬ ಎಚ್ಚರಿಕೆ ನಮ್ಮ ಮನೆಗಳಲ್ಲೂ ಹೊಸದಲ್ಲ. ಮೇಯರ್-ಶ್ವಿಕೆರಾಟ್ ಅದನ್ನು ತಿರುಗಿಸಿ ಯೋಚಿಸಿದರು. ಬೆಳಕು ಪಾಪೆಯ ಮೂಲಕವೇ ಒಳಹೋಗಿ ಹೀಗೆ ಸುಡುವುದಾದರೆ, ಬೇಕೆಂದ ಜಾಗದಲ್ಲಿ, ಬೇಕೆಂದಷ್ಟೇ ಸುಡಬಹುದಲ್ಲ? ಹ್ಯಾಂಬರ್ಗಿನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಹಿಡಿದು ರೋಗಿಯ ಕಣ್ಣಿಗೆ ಹಾಯಿಸಿದರು. ಹ್ಯಾಂಬರ್ಗಿನ ಮೋಡಗಳನ್ನು ನೆಚ್ಚಿಕೊಂಡು ಆಸ್ಪತ್ರೆ ನಡೆಸಲಾಗುವುದಿಲ್ಲ. ಹಾಗಾಗಿ ಬಿಸಿಲಿನ ಜಾಗಕ್ಕೆ ಇಂಗಾಲದ ಆರ್ಕ್ ದೀಪ ಬಂತು, 1950ರ ದಶಕದಲ್ಲಿ ಝೈಸ್ ಕಂಪನಿಯ ಕ್ಸೆನಾನ್ ದೀಪ ಬಂತು. 1960ರಲ್ಲಿ ಲೇಸರ್ ಹುಟ್ಟಿದ ಮೇಲೆ ಅದು ಕಣ್ಣಿನ ಚಿಕಿತ್ಸೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಇದೇ ಹೊತ್ತಿಗೆ ನೋಡುವ ಉಪಕರಣವೂ ಬದಲಾಗಿತ್ತು. ಬೆಲ್ಜಿಯಂ ಮೂಲದ ಚಾರ್ಲ್ಸ್ ಸ್ಕೆಪೆನ್ಸ್ 1940ರ ದಶಕದಲ್ಲಿ ರೂಪಿಸಿದ, ತಲೆಗೆ ಕಟ್ಟಿಕೊಂಡು ಎರಡೂ ಕಣ್ಣಿನಿಂದ ನೋಡುವ ಉಪಕರಣದಿಂದ ಪಟಲದ ಅಂಚಿನವರೆಗೂ ಕಾಣತೊಡಗಿತು. ಕಂಡದ್ದು ಬೇಕಾದಷ್ಟು. ಜಾಲರಿಯಂತೆ ತೆಳುವಾದ ಪಟ್ಟಿಗಳು, ಅಂದರೆ ಲ್ಯಾಟಿಸ್. ಯಾವ ತೊಂದರೆಯನ್ನೂ ಕೊಡದ ಪುಟ್ಟ ತೂತುಗಳು. ಪಟಲ ಕಳಚಿದ ಕಣ್ಣುಗಳಲ್ಲಿ ಸುಮಾರು 30 ಶೇಕಡಾ ಕಣ್ಣುಗಳಲ್ಲಿ ಲ್ಯಾಟಿಸ್ ಇರುತ್ತದೆ. ಕಾಣುತ್ತಿದೆ, ಕೈಯಲ್ಲಿ ಬೆಳಕಿದೆ, ನೋವೂ ಹೆಚ್ಚಿಲ್ಲ. ಸುಟ್ಟರು.

ಆ ಲೆಕ್ಕವನ್ನು ಹಿಂದುಮುಂದಾಗಿ ಓದಲಾಗಿತ್ತು. ಲ್ಯಾಟಿಸ್ ಇರುವುದು 100 ಜನರಲ್ಲಿ 7–8 ಮಂದಿಗೆ. ಪಟಲ ಕಳಚುವುದು ವರ್ಷಕ್ಕೆ 10,000 ಜನರಲ್ಲಿ ಸುಮಾರು ಒಬ್ಬರಿಗೆ. ಕ್ಯಾಲಿಫೋರ್ನಿಯಾದ ನಾರ್ಮನ್ ಬೈಯರ್ ಸುಡುವುದನ್ನು ಬಿಟ್ಟು ಕಾದು ನೋಡಿದರು. ಲ್ಯಾಟಿಸ್ ಇದ್ದ 276 ಜನರ 423 ಕಣ್ಣುಗಳನ್ನು ಸರಾಸರಿ ಸುಮಾರು 11 ವರ್ಷ, ಕೆಲವರನ್ನು 25 ವರ್ಷದವರೆಗೂ, ಗಮನಿಸುತ್ತ ಹೋದರು. 1989ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪಟಲ ಕಳಚಿ ತೊಂದರೆಯಾದದ್ದು 3 ಕಣ್ಣುಗಳಲ್ಲಿ. ಈ ಇಡೀ ಚರಿತ್ರೆಯಲ್ಲಿ ಅತಿ ಕಷ್ಟದ ಕೆಲಸ ಬಹುಶಃ ಇದೇ: ಕೈಯಲ್ಲಿ ಉಪಕರಣ ಇಟ್ಟುಕೊಂಡು ಕಾಲು ಶತಮಾನ ಸುಮ್ಮನಿರುವುದು. ಕಣ್ಣಿಗೆ ಸರಿಯಾಗಿಯೇ ಕಾಣುವ ಜಾಗದಲ್ಲೂ ಹೊಸ ಹರಿತ ಆಗುತ್ತದೆ, ಅಲ್ಲಿ ಮೊದಲೇ ಒಡ್ಡು ಕಟ್ಟಿರುವುದಿಲ್ಲ ಎಂಬುದೂ ಕ್ರಮೇಣ ತಿಳಿಯಿತು. ತೊಂದರೆಯಿಲ್ಲದ ತೂತು ಮತ್ತು ಲ್ಯಾಟಿಸ್‌ಗೆ ಮುಂಜಾಗ್ರತೆಯ ಚಿಕಿತ್ಸೆ ಫಲಕಾರಿಯೇ ಎಂದು ಕಾಕ್ರೇನ್ ಸಮೀಕ್ಷಕರು ಹುಡುಕಿದಾಗ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಒಂದು ಪ್ರಯೋಗವೂ ಸಿಗಲಿಲ್ಲ.

ಬೇರೆ ಬಗೆಯ ಹರಿತದ ಬಗ್ಗೆ ಇಂಥ ಜಗಳವಿಲ್ಲ. ಕಣ್ಣೊಳಗಿನ ಲೋಳೆ ಪಟಲವನ್ನು ಜಗ್ಗಿ ಕುದುರೆಲಾಳದ ಆಕಾರದಲ್ಲಿ ಹರಿದಾಗ, ಥಟ್ಟನೆ ಮಿಂಚು ಹೊಡೆದು ಕಪ್ಪು ಚುಕ್ಕೆಗಳು ತೇಲತೊಡಗುತ್ತವೆ. ಹಾಗೇ ಬಿಟ್ಟರೆ ಅಂಥ ಕಣ್ಣುಗಳಲ್ಲಿ ಅರ್ಧದಷ್ಟಾದರೂ ಕಳಚುತ್ತವೆ. ತಡಮಾಡದೆ ಲೇಸರ್ ಮಾಡಿದರೆ ಅದು 5 ಶೇಕಡಾಕ್ಕಿಂತ ಕೆಳಗಿಳಿಯುತ್ತದೆ. ಗೊನ್ಯಾ ಹುಡುಕುತ್ತಿದ್ದ ತೂತು ಇಂಥದ್ದು. ಒಂದು ಕಣ್ಣು ಆಗಲೇ ಕಳಚಿ, ಇನ್ನೊಂದರಲ್ಲಿ ಲ್ಯಾಟಿಸ್ ಮಾತ್ರ ಇರುವವರ ವಿಷಯದಲ್ಲಿ ವೈದ್ಯರು ಇವತ್ತಿಗೂ ಒಂದೇ ಮಾತು ಹೇಳುವುದಿಲ್ಲ.