ಬಾಯಿ ಒಣಗಿದರೆ ಹಾಲೂ ಒಣಗೀತೇ? ಟ್ರೈಸೈಕ್ಲಿಕ್ ಔಷಧಗಳು ಮತ್ತು ಬಾಣಂತಿಯ ಹಾರ್ಮೋನುಗಳು

ಬಾಣಂತಿ ಹೆಚ್ಚು ನೀರು ಕುಡಿದರೆ ಶೀತ, ನಂಜು ಎಂಬ ನಂಬಿಕೆ ಯಲಹಂಕದ ಹಳೆಯ ಬೀದಿಗಳಲ್ಲೂ ಹೆಬ್ಬಾಳದ ಅಪಾರ್ಟ್‌ಮೆಂಟುಗಳಲ್ಲೂ ಉಳಿದಿದೆ. ಅಂಥ ಮನೆಯ ಬಾಣಂತಿಗೆ ಖಿನ್ನತೆಯೆಂದು ಟ್ರೈಸೈಕ್ಲಿಕ್ ಗುಂಪಿನ ಅಮಿಟ್ರಿಪ್ಟಿಲಿನ್ ಕೊಟ್ಟಾಗ ನಾಲಿಗೆ ಅಂಗುಳಿಗೆ ಅಂಟುತ್ತದೆ. ‘ಬಾಯೇ ಒಣಗ್ತಿದೆ, ಹಾಲೆಲ್ಲಿಂದ ಬರಬೇಕು?’ ಎಂದು ಹಿರಿಯರು ಮಾತ್ರೆ ಬಿಡಿಸುತ್ತಾರೆ. ಈ ತರ್ಕವನ್ನು ಶರೀರಕ್ರಿಯೆ ಒಪ್ಪುವುದಿಲ್ಲ.

ಬಾಯಿ ಒಣಗುವುದು ಲಾಲಾಗ್ರಂಥಿಯಲ್ಲಿ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಔಷಧ ತಡೆಯೊಡ್ಡುವುದರಿಂದ. ಹಾಲು ಉತ್ಪತ್ತಿಯಾಗುವುದು ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಹಾರ್ಮೋನಿನಿಂದ. ಅದನ್ನು ಡೋಪಮೀನ್ ಹಿಡಿದಿಡುತ್ತದೆ, ಸಿರೊಟೋನಿನ್ ಪ್ರಚೋದಿಸುತ್ತದೆ. ಟ್ರೈಸೈಕ್ಲಿಕ್‌ಗಳು ಸಿರೊಟೋನಿನ್‌ನ ಮರುಹೀರಿಕೆಯನ್ನು ತಡೆಯುವುದರಿಂದ ಪ್ರೊಲ್ಯಾಕ್ಟಿನ್ ಏರಬಹುದೇ ಹೊರತು ಇಳಿಯಬೇಕಾಗಿಲ್ಲ. ಇದೇ ಗುಂಪಿನ ಕ್ಲೊಮಿಪ್ರಮೀನ್‌ನಿಂದ ಅದು ಏರುತ್ತದೆ; ಡೋಪಮೀನನ್ನೂ ತಡೆಯುವ ಅಮೊಕ್ಸಪಿನ್ ಸೇವಿಸಿದ, ಹಾಲೂಡಿಸದ ಹೆಂಗಸರಲ್ಲೂ ಹಾಲು ಒಸರಿದ್ದುಂಟು. ಹಾಗೆಂದು ಬಾಣಂತಿಗೆ ಹಾಲು ಹೆಚ್ಚಾಗುತ್ತದೆ ಎನ್ನಲಾಗದು. ಹಾಲು ಒಮ್ಮೆ ನೆಲೆನಿಂತ ಮೇಲೆ ಅದರ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಗು ಸ್ತನವನ್ನು ಎಷ್ಟು ಬರಿದು ಮಾಡುತ್ತದೆ ಎಂಬುದು. ಮಗು ಚೀಪಿದೊಡನೆ ಪ್ರೊಲ್ಯಾಕ್ಟಿನ್ ಜಿಗಿಯುವುದರಿಂದ, ಹಾಲೂಡಿಸಿದ ಕೂಡಲೇ ಅದರ ಪರೀಕ್ಷೆಗೆ ರಕ್ತ ಕೊಟ್ಟರೆ ವರದಿಯ ಅಂಕಿ ಹಾದಿ ತಪ್ಪಿಸೀತು.

ಹಾಲು ಇಳಿಸುವ ಆಕ್ಸಿಟೋಸಿನ್‌ದು ಬೇರೆ ಕಥೆ. ಭಯ, ನೋವು, ಆತಂಕ ಅದನ್ನು ತಡೆಯುತ್ತವೆ. ಆದ್ದರಿಂದ ಚಿಕಿತ್ಸೆಯಿಲ್ಲದ ಖಿನ್ನತೆಯೇ ಮಾತ್ರೆಗಿಂತ ದೊಡ್ಡ ಅಡ್ಡಿಯೆಂದು ನಾನು ಭಾವಿಸುತ್ತೇನೆ.

ಮಗುವಿನ ವಿಷಯ? ತೂಕಕ್ಕೆ ಹೊಂದಿಸಿ ಲೆಕ್ಕಹಾಕಿದರೆ ಹಾಲಿನ ಮೂಲಕ ಮಗುವಿಗೆ ಸೇರುವ ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ತಾಯಿಯ ಪ್ರಮಾಣದ ಶೇ. 3ಕ್ಕಿಂತ ಕಡಿಮೆ. ವಾಡಿಕೆಯ ಎಚ್ಚರಿಕೆಯ ಗೆರೆ ಶೇ. 10. ಆದರೆ ಈ ಗುಂಪಿನ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತಾಯಿ ಡಾಕ್ಸಪಿನ್ ಸೇವಿಸುತ್ತಿದ್ದ 8 ವಾರದ ಕೂಸೊಂದು ಬಿಳಿಚಿ, ಉಸಿರಾಟ ಕುಗ್ಗಿದ ಪ್ರಕರಣ 1985ರಲ್ಲಿ ಪ್ರಕಟವಾಯಿತು. ಡಾಕ್ಸಪಿನ್‌ನಿಂದ ದೂರವಿರುವುದೇ ಲೇಸು. ಮಿಕ್ಕ ಔಷಧಗಳಲ್ಲೂ ಅವಧಿಗೆ ಮುನ್ನ ಹುಟ್ಟಿದ ಮಗುವಿದ್ದರೆ ಮಂಪರು, ಚೀಪುವ ಬಲ, ತೂಕ ಗಮನಿಸುತ್ತಿರಬೇಕು.

ಖಿನ್ನತೆ ತೀವ್ರವಾದರೆ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2009ರಲ್ಲಿ ತೆರೆದ ತಾಯಿ–ಮಗು ಘಟಕದಲ್ಲಿ ಇಬ್ಬರನ್ನೂ ಅಗಲಿಸದೆ ದಾಖಲಿಸಿಕೊಳ್ಳುತ್ತಾರೆ. ಆದರೆ ಯಲಹಂಕ, ಹೆಬ್ಬಾಳದವರಿಗೆ ಅದು ನಗರದ ಇನ್ನೊಂದು ತುದಿ. ಆದ್ದರಿಂದ ಹತ್ತಿರದ ವೈದ್ಯರು ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ‘ಬಾಯಾರಿದಾಗೆಲ್ಲ ನೀರು’ ಎಂದೂ ಬರೆದು, ಅದನ್ನು ಬಾಣಂತನ ಮಾಡುವವರಿಗೇ ಓದಿ ಹೇಳಲಿ.