ಎಕ್ಸ್‌ಬಾಕ್ಸ್ ಒನ್ ಅನಾವರಣಕ್ಕೆ ಬಂದ ಪ್ರತಿಕ್ರಿಯೆ (2013)

ಎಕ್ಸ್‌ಬಾಕ್ಸ್ ಒನ್ ಮೈಕ್ರೋಸಾಫ್ಟ್ ಕಂಪನಿಯ ಮೂರನೆಯ ವಿಡಿಯೊ ಗೇಮ್ ಕನ್ಸೋಲ್. ಅಮೆರಿಕದ ರೆಡ್ಮಂಡ್‌ನಲ್ಲಿರುವ ಕಂಪನಿಯ ಆವರಣದಲ್ಲಿ 2013ರ ಮೇ 21ರಂದು ಅದನ್ನು ಅನಾವರಣಗೊಳಿಸಲಾಯಿತು. ಒಂದು ತಿಂಗಳು ತುಂಬುವಷ್ಟರಲ್ಲಿ ಗ್ರಾಹಕರ ಸಿಟ್ಟಿಗೆ ಮಣಿದ ಕಂಪನಿ ತನ್ನ ಮುಖ್ಯ ನಿಯಮಗಳನ್ನೇ ಹಿಂದಕ್ಕೆ ಪಡೆಯಿತು. ಹೊಸ ಕನ್ಸೋಲ್ ಕಂಡಾಗ ಏಳುವ ಗದ್ದಲವನ್ನು ಅಭಿಮಾನಿಗಳ ಹುಚ್ಚಾಟವೆಂದು ತಳ್ಳಿಹಾಕುವವರಿದ್ದಾರೆ. ಅದೇ ಮಾರುಕಟ್ಟೆಯ ಭವಿಷ್ಯವೆಂದು ನಂಬುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಯಂತ್ರದ ಹೆಸರು, ರೂಪ ಕುರಿತು ಮೊದಲ ದಿನ ಕೇಳಿಬರುವ ಮಾತಿಗೆ ಹೆಚ್ಚು ಬೆಲೆಯಿಲ್ಲ. ದರ ಮತ್ತು ಷರತ್ತುಗಳ ಬಗ್ಗೆ ಬರುವ ಆಕ್ಷೇಪ ಮಾತ್ರ ನಿಜವಾದ ಚೌಕಾಸಿ. ಅದಕ್ಕೆ ಕಿವಿಗೊಡದ ಕಂಪನಿ ನಷ್ಟ ತೆರುತ್ತದೆ.

ಎಕ್ಸ್‌ಬಾಕ್ಸ್ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ನೇತೃತ್ವದ ಆ ಅನಾವರಣ ಕಾರ್ಯಕ್ರಮದಲ್ಲಿ ಆಟಗಳಿಗಿಂತ ಟಿವಿಗೇ ಹೆಚ್ಚು ಒತ್ತಿತ್ತು. ಬಾಯಲ್ಲಿ ಹೇಳಿದೊಡನೆ ಪರದೆ ಆಟದಿಂದ ಟಿವಿಗೆ, ಟಿವಿಯಿಂದ ಸಿನಿಮಾಕ್ಕೆ ಬದಲಾಗುವುದನ್ನು ತೋರಿಸಿದರು. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಜೊತೆಗಿನ ಒಪ್ಪಂದ, ಸ್ಟೀವನ್ ಸ್ಪೀಲ್‌ಬರ್ಗ್ ಹೆಸರಿದ್ದ 'ಹೇಲೊ' ಧಾರಾವಾಹಿ ಎರಡನ್ನೂ ಘೋಷಿಸಿದರು. ಆಟಗಾರರು ಇದನ್ನು ಗೇಲಿ ಮಾಡಿದರು ನಿಜ, ಆದರೆ ಗೇಲಿ ಅಷ್ಟಕ್ಕೇ ಮುಗಿಯಬಹುದಿತ್ತು. ಕಿಚ್ಚು ಹಚ್ಚಿದ್ದು ಜೂನ್ 6ರಂದು ಪ್ರಕಟವಾದ ನಿಯಮಾವಳಿ. ಅದರ ಪ್ರಕಾರ ಕನ್ಸೋಲ್ 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಸೇರಲೇಬೇಕು, ಇಲ್ಲದಿದ್ದರೆ ಆಟ ನಡೆಯದು. ಕೊಂಡ ಡಿಸ್ಕನ್ನು ಸ್ನೇಹಿತನಿಗೆ ಕೊಡಬೇಕೆಂದರೆ ಆತ 30 ದಿನಗಳಿಂದ ಆನ್‌ಲೈನ್ ಸ್ನೇಹಿತರ ಪಟ್ಟಿಯಲ್ಲಿರಬೇಕು. ಒಂದು ಆಟವನ್ನು ಹೀಗೆ ಕೊಡಲು ಸಾಧ್ಯವಿದ್ದುದು ಒಂದೇ ಸಲ. ಹಳೆಯ ಡಿಸ್ಕ್ ಮಾರಲು ಬಿಡಬೇಕೋ ಬೇಡವೋ ಎಂಬುದು ಪ್ರಕಾಶಕರಿಗೆ ಬಿಟ್ಟ ವಿಷಯ. ಕ್ಯಾಮೆರಾ ಮತ್ತು ಮೈಕ್ ಇರುವ ಕಿನೆಕ್ಟ್ ಸಾಧನ ಸದಾ ಜೋಡಣೆಯಾಗಿರಬೇಕೆಂಬುದೂ ಷರತ್ತಾಗಿತ್ತು. ಅಮೆರಿಕ ಸರ್ಕಾರದ ಪ್ರಿಸಂ ಬೇಹುಗಾರಿಕೆಯ ಸುದ್ದಿ ಹೊರಬಿದ್ದದ್ದು ಅದೇ ದಿನ, ಅದರಲ್ಲಿ ಮೈಕ್ರೋಸಾಫ್ಟ್ ಹೆಸರೂ ಇತ್ತು. ಇದಕ್ಕಿಂತ ಕೆಟ್ಟ ಗಳಿಗೆ ಹುಡುಕಿದರೂ ಸಿಗುತ್ತಿರಲಿಲ್ಲ.

ಜೂನ್ 10ರಂದು ಲಾಸ್ ಏಂಜಲೀಸ್‌ನ ಇ3 ವಿಡಿಯೊ ಗೇಮ್ ಮೇಳದ ವೇಳೆ ಮೈಕ್ರೋಸಾಫ್ಟ್ 499 ಡಾಲರ್ ಬೆಲೆ ಹೇಳಿತು. ಅದೇ ಸಂಜೆ ಸೋನಿ ತನ್ನ ಪ್ಲೇಸ್ಟೇಷನ್ 4ಕ್ಕೆ 399 ಡಾಲರ್ ಸಾಕೆಂದಿತು. ಹಳೆಯ ಡಿಸ್ಕ್ ಮಾರಲು ತಡೆಯಿಲ್ಲ, ಇಂಟರ್ನೆಟ್ ತಪಾಸಣೆಯೂ ಇಲ್ಲ ಎಂದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಡಿಸ್ಕ್ ಹಂಚಿಕೊಳ್ಳುವ ಬಗೆ ತಿಳಿಸಲು ಸೋನಿ ಒಂದು ಪುಟ್ಟ ವಿಡಿಯೊವನ್ನೂ ಬಿಟ್ಟಿತು: ಸೋನಿ ಅಧಿಕಾರಿ ಶುಹೇ ಯೊಶಿಡಾ ಡಿಸ್ಕಿನ ಡಬ್ಬಿಯನ್ನು ಸಹೋದ್ಯೋಗಿ ಆಡಮ್ ಬಾಯ್ಸ್ ಕೈಗೆ ಕೊಡುತ್ತಾರೆ, ಅವರು ಥ್ಯಾಂಕ್ಸ್ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ನೂರು ಜಾಹೀರಾತುಗಳು ಮಾಡದ ಕೆಲಸವನ್ನು ಅದು ಮಾಡಿತು. ಇತ್ತ ಇಂಟರ್ನೆಟ್ ಇಲ್ಲದವರ ಗತಿಯೇನೆಂದು ಕೇಳಿದಾಗ, ಅವರಿಗೆ ಹಿಂದಿನ ಕನ್ಸೋಲ್ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬರ್ಥದ ಉತ್ತರ ಕೊಟ್ಟು ಮ್ಯಾಟ್ರಿಕ್ ಉರಿಯುವ ಬೆಂಕಿಗೆ ತುಪ್ಪ ಸುರಿದರು. ಜೂನ್ 19ರಂದು ಕಂಪನಿ ದೈನಂದಿನ ತಪಾಸಣೆಯನ್ನೂ ಡಿಸ್ಕ್ ನಿರ್ಬಂಧಗಳನ್ನೂ ಕೈಬಿಟ್ಟಿತು. ಜುಲೈ ಮೊದಲ ದಿನವೇ ಮ್ಯಾಟ್ರಿಕ್ ಜಿಂಗಾ ಕಂಪನಿಗೆ ಹೋಗುವ ಸುದ್ದಿ ಬಂತು.

ಗದ್ದಲ ಎಬ್ಬಿಸುವವರು ಬೆರಳೆಣಿಕೆಯ ಮಂದಿ, ಅವರ ಅಂದಾಜು ಎಷ್ಟೋ ಸಲ ತಲೆಕೆಳಗಾಗಿದೆ ಎಂಬ ಆಕ್ಷೇಪವಿದೆ. 2006ರಲ್ಲಿ ನಿಂಟೆಂಡೊ ತನ್ನ ಹೊಸ ಕನ್ಸೋಲ್‌ಗೆ 'ವೀ' ಎಂಬ ಹೆಸರು ಘೋಷಿಸಿದಾಗ ನಕ್ಕವರಿಗೆ ಲೆಕ್ಕವಿರಲಿಲ್ಲ. ಆ ಯಂತ್ರ 10 ಕೋಟಿಗೂ ಹೆಚ್ಚು ಮಾರಾಟವಾಯಿತು. 2017ರ ಜನವರಿಯಲ್ಲಿ ಸ್ವಿಚ್ ಕನ್ಸೋಲ್ ವಿವರ ಹೇಳಿದ ದಿನ ನಿಂಟೆಂಡೊ ಷೇರು ಕುಸಿಯಿತು, ಮುಂದೆ ಮಾರಾಟದಲ್ಲಿ ಸ್ವಿಚ್ ವೀಯನ್ನೂ ಮೀರಿಸಿತು. ಆದರೆ ಇವು ಅಭಿರುಚಿಯ, ಊಹೆಯ ತೀರ್ಪುಗಳು. ಬಳಸಿ ನೋಡದೆ ಹೆಸರನ್ನೋ ಹಿಡಿಕೆಯನ್ನೋ ಅಳೆಯಲಾಗದು. ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ಮಾರಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಯಂತ್ರ ಕೈಗೆ ಬರಬೇಕಿಲ್ಲ, ಷರತ್ತು ಓದಿದರೆ ಸಾಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಂದು ಬಹಳಷ್ಟು ಆಟಗಳು ಡೌನ್‌ಲೋಡ್ ರೂಪದಲ್ಲೇ ಬಿಕರಿಯಾಗುತ್ತವೆ, ಅವನ್ನು ಮರುಮಾರಾಟ ಮಾಡಲಾಗದು. ಹಾಗಿದ್ದರೆ ಮೈಕ್ರೋಸಾಫ್ಟ್ ಕಾಲಕ್ಕಿಂತ ಮುಂದಿತ್ತಷ್ಟೇ ಅಲ್ಲವೇ? ಆಟಗಳ ಸಂಗ್ರಹವನ್ನು ಕುಟುಂಬದ 10 ಜನ ಹಂಚಿಕೊಳ್ಳುವ ಸೌಲಭ್ಯವೂ ಆ ಹಿಂತೆಗೆತದಲ್ಲಿ ಕೊಚ್ಚಿಹೋಯಿತು. ಇದು ನಿಜವಾದ ನಷ್ಟವೇ. ಆದರೂ ಡೌನ್‌ಲೋಡ್ ಬೇರೂರಿದ್ದು ಡಿಸ್ಕ್ ಪಕ್ಕದಲ್ಲೇ ಇದ್ದು, ಅನುಕೂಲದ, ರಿಯಾಯಿತಿಯ ಬಲದಿಂದ. 2013ರ ಯೋಜನೆಯಲ್ಲಿ ಡಿಸ್ಕ್ ಕೊಂಡವರೂ ಅದರ ಹಕ್ಕು ಬಿಟ್ಟುಕೊಡಬೇಕಿತ್ತು, ಪ್ರತಿಯಾಗಿ ಬೆಲೆಯೇನೂ ಇಳಿದಿರಲಿಲ್ಲ.

ನಿಯಮ ಬದಲಾದರೂ 100 ಡಾಲರ್ ಅಂತರ ಹಾಗೇ ಉಳಿಯಿತು. ಆದ್ದರಿಂದ ಮುಂದಿನ ಹಿನ್ನಡೆಗೆಲ್ಲ ಆ ಒಂದು ತಿಂಗಳ ಸಿಟ್ಟೇ ಕಾರಣ ಎನ್ನಲಾಗದು. ಕಿನೆಕ್ಟ್ ಇಲ್ಲದ 399 ಡಾಲರ್ ಮಾದರಿ ಬಂದದ್ದು 2014ರ ಜೂನ್‌ನಲ್ಲಿ. ಭಾರತದಲ್ಲಿ ಆ ವರ್ಷದ ಸೆಪ್ಟೆಂಬರ್‌ವರೆಗೂ ಕನ್ಸೋಲೇ ಅಧಿಕೃತವಾಗಿ ಬಿಡುಗಡೆಯಾಗಿರಲಿಲ್ಲ. 2015ರಲ್ಲಿ ಮೈಕ್ರೋಸಾಫ್ಟ್ ಮಾರಾಟದ ಸಂಖ್ಯೆ ಪ್ರಕಟಿಸುವುದನ್ನು ನಿಲ್ಲಿಸಿತು. ಸೋನಿ ಎರಡು ಪಟ್ಟಿಗಿಂತ ಹೆಚ್ಚು ಕನ್ಸೋಲ್ ಮಾರಿತ್ತೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡದ್ದು 2022ರಲ್ಲಿ, ಬ್ರೆಜಿಲ್‌ನ ಸ್ಪರ್ಧಾ ನಿಯಂತ್ರಕರಿಗೆ ಸಲ್ಲಿಸಿದ ದಾಖಲೆಯಲ್ಲಿ.