ಓದುಗರ ಸಮಯ ಯಾರ ಕೈಯಲ್ಲಿ?

ಪುಸ್ತಕ ಶಿಫಾರಸಿನ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆಜಾನಿನಿಂದ ಶುರುಮಾಡುತ್ತಾರೆ. ಮುಂಬಯಿಯ ಚೆಂಬೂರಿನಲ್ಲಿ ನಿಂತು ನೋಡುವವರು ಹಾಗೆ ಮಾಡಬೇಕಿಲ್ಲ. ಪಕ್ಕದ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಗ್ರಂಥಾಲಯ, ಪುರುಸೊತ್ತಿಲ್ಲದ ವಿಜ್ಞಾನಿಗಳಿಗೆ ಅವರವರಿಗೆ ಬೇಕಾದುದನ್ನಷ್ಟೇ ಆರಿಸಿ ತಿಳಿಸುವ ಕೆಲಸವನ್ನು ಎಪ್ಪತ್ತರ ದಶಕದಲ್ಲೇ ಕಂಪ್ಯೂಟರಿಗೆ ಒಪ್ಪಿಸಿತ್ತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1970ರಲ್ಲಿ ಆರಂಭಿಸಿದ ‘ಇನಿಸ್’ ಮಾಹಿತಿ ವ್ಯವಸ್ಥೆಯ ಟೇಪುಗಳಲ್ಲಿ ಜಗತ್ತಿನ ಸಂಶೋಧನಾ ಲೇಖನಗಳ ವಿವರ ಬರುತ್ತಿತ್ತು. ಇಂಥ ಸೇವೆಯ ಕ್ರಮ ಸರಳ. ಓದುಗರು ತಮ್ಮ ಆಸಕ್ತಿಯ ಪದಗಳ ಪಟ್ಟಿ ಬರೆದುಕೊಡುತ್ತಾರೆ, ಯಂತ್ರ ಹೊಸ ಲೇಖನಗಳನ್ನು ಆ ಪಟ್ಟಿಯ ಜೊತೆ ತಾಳೆ ನೋಡುತ್ತದೆ, ಹೊಂದಿದವುಗಳ ವಿವರ ಮುದ್ರಣವಾಗಿ ಮೇಜಿಗೆ ಬರುತ್ತದೆ. ಉಪಯೋಗವಾಯಿತೋ ಇಲ್ಲವೋ ಎಂದು ಗುರುತು ಹಾಕಿ ಹಿಂತಿರುಗಿಸಿದರೆ ಪಟ್ಟಿ ತಿದ್ದುಪಡಿಯಾಗುತ್ತದೆ. ಇದರ ನಕ್ಷೆಯನ್ನು ಐಬಿಎಂನ ಎಚ್. ಪಿ. ಲೂನ್ 1958ರಲ್ಲೇ ಹಾಕಿಕೊಟ್ಟಿದ್ದರು. ಅದಕ್ಕೂ ಮುಂಚೆ, 1931ರಲ್ಲಿ, ಎಸ್. ಆರ್. ರಂಗನಾಥನ್ ತಮ್ಮ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಓದುಗರ ಸಮಯ ಉಳಿಸಬೇಕೆಂದು ಹೇಳಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ. ಈ ಕ್ಷೇತ್ರ ಮುಂದೆ ಹಿಡಿದ ದಾರಿಯನ್ನು ಆ ನಾಲ್ಕನೆಯ ಸೂತ್ರದಿಂದಲೇ ಅಳೆಯಬೇಕು ಎಂಬುದು ನನ್ನ ವಾದ.

ಕನ್ನಡದಲ್ಲಿ ಆಯ್ಕೆಯ ಭಾರ ಹೊತ್ತವರು ಪ್ರಕಾಶಕರು. ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿದರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ಬೆಳೆಯಿತು. ಹಣ ಮೊದಲು, ಪುಸ್ತಕ ಆಮೇಲೆ. ಏನು ಬರುತ್ತದೆಂಬುದು ಸಂಪಾದಕರ ವಿವೇಕಕ್ಕೆ ಬಿಟ್ಟದ್ದು. ಒಬ್ಬೊಬ್ಬರ ರುಚಿಗೆ ತಕ್ಕಂತೆ ಬಡಿಸುವ ಏರ್ಪಾಡು ಇದಲ್ಲ, ನಿಜ. ಆದರೆ ಆರಿಸಿದವರು ಯಾರು ಎಂಬುದು ಓದುಗರಿಗೆ ಗೊತ್ತಿತ್ತು, ಆಯ್ಕೆ ಕೆಟ್ಟರೆ ಕಾಗದ ಬರೆದು ಬೈಯುವುದಕ್ಕೆ ಒಂದು ವಿಳಾಸವಾದರೂ ಇತ್ತು.

ಯಂತ್ರದ ಶಿಫಾರಸಿನ ದಾರಿ ಬದಲಾದದ್ದು ತೊಂಬತ್ತರ ದಶಕದಲ್ಲಿ. 1979ರಲ್ಲಿ ಎಲೇನ್ ರಿಚ್ ರೂಪಿಸಿದ ‘ಗ್ರಂಡಿ’ ಎಂಬ ವ್ಯವಸ್ಥೆ ಇನ್ನೂ ಓದುಗರನ್ನು ಮಾತಾಡಿಸಿಯೇ ಕಾದಂಬರಿ ಸೂಚಿಸುತ್ತಿತ್ತು. 1994ರ ‘ಗ್ರೂಪ್‌ಲೆನ್ಸ್’ ಒಬ್ಬರ ರುಚಿಯನ್ನು ಅವರಂಥ ಇತರರ ಅಂಕಗಳಿಂದ ಊಹಿಸಿತು. ಅಮೆಜಾನಿನ ತಂತ್ರಜ್ಞರು 2003ರಲ್ಲಿ ವಿವರಿಸಿದ ವಿಧಾನಕ್ಕೆ ಅಂಕವೂ ಬೇಡ, ಇದನ್ನು ಕೊಂಡವರು ಅದನ್ನೂ ಕೊಂಡರು ಎಂಬ ಲೆಕ್ಕ ಸಾಕು. ಓದುಗರನ್ನು ಕೇಳುವುದು ನಿಂತು ಗಮನಿಸುವುದು ಶುರುವಾಯಿತು. ಜಾಹೀರಾತಿನ ಮೇಲೆ ಬದುಕುವ ಜಾಲತಾಣಗಳ ಕೈಗೆ ಇದೇ ಉಪಾಯ ಸಿಕ್ಕಾಗ ಗುರಿಯೂ ತಿರುಗಿತು. ಓದುಗರನ್ನು ಬೇಗ ಬಿಟ್ಟುಕೊಡುವುದು ಅಲ್ಲಿ ನಷ್ಟ. ಸಮಯ ಉಳಿಸಲು ಹುಟ್ಟಿದ ವಿದ್ಯೆ ಸಮಯ ಹಿಡಿದಿಡುವ ವಿದ್ಯೆಯಾಯಿತು.

ಗಮನಿಸುವ ವಿಧಾನಕ್ಕೆ ಹೇರಳ ದತ್ತಾಂಶ ಬೇಕು. 2006ರಲ್ಲಿ ನೆಟ್‌ಫ್ಲಿಕ್ಸ್ ಶಿಫಾರಸು ಸುಧಾರಿಸಲು 10 ಲಕ್ಷ ಡಾಲರಿನ ಸ್ಪರ್ಧೆ ಒಡ್ಡಿದಾಗ, 18 ಸಾವಿರದಷ್ಟೂ ಇಲ್ಲದ ಚಿತ್ರಗಳಿಗೆ ನೋಡುಗರು ಹಾಕಿದ 10 ಕೋಟಿ ಅಂಕಗಳನ್ನು ಸ್ಪರ್ಧಿಗಳಿಗೆ ಕೊಟ್ಟಿತ್ತು. ಕನ್ನಡದ ಒಳ್ಳೆಯ ಕಥಾಸಂಕಲನಕ್ಕೆ ಆನ್‌ಲೈನಿನಲ್ಲಿ ಹತ್ತು ಅಂಕ ಬಿದ್ದರೆ ಹಬ್ಬ. ಚೆಂಬೂರಿನ ಓದುಗರ ವಿಷಯದಲ್ಲಂತೂ ಲೆಕ್ಕ ಇನ್ನೂ ಜಟಿಲ. 2011ರ ಜನಗಣತಿ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಕನ್ನಡ ಮಾತೃಭಾಷಿಕರನ್ನು ಎಣಿಸಿತು. ಮನೆಯಲ್ಲಿ ತುಳು, ಕೊಂಕಣಿ ಆಡಿ ಕನ್ನಡ ಓದುವವರು ಆ ಲೆಕ್ಕದಿಂದ ಹೊರಗೆ. ಅವರೇ ಆಫೀಸಿನಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ಮರಾಠಿ-ಹಿಂದಿ ಓದುತ್ತಾರೆ. ಮೊಬೈಲಿನಲ್ಲಿ ಅವರು ಒತ್ತಿದ್ದರಲ್ಲಿ ಹೆಚ್ಚಿನದು ಇಂಗ್ಲಿಷಾದರೆ ಯಂತ್ರ ಇಂಗ್ಲಿಷನ್ನೇ ತಂದು ಸುರಿಯುತ್ತದೆ, ಕನ್ನಡ ಬೇಕೆಂಬ ಆಸೆ ಅದಕ್ಕೆ ಕಾಣುವುದೇ ಇಲ್ಲ.

ಆದ್ದರಿಂದ ಇಂಥವರಿಗೆ ಸೇವೆ ಕಟ್ಟುವವರು ಟ್ರಾಂಬೆಯ ಕ್ರಮಕ್ಕೆ ಮರಳುವುದು ಲೇಸು. ಓದುಗರು ತಮ್ಮ ಪಟ್ಟಿಯನ್ನು ತಾವೇ ಬರೆಯಲಿ, ಬೇಕೆಂದಾಗ ತಿದ್ದಲಿ. ಹಾರ್ಬರ್ ಲೈನಿನ ರೈಲಿನಲ್ಲಿ ಒಂದು ಕೈ ಹಿಡಿಕೆಯಲ್ಲಿ, ಒಂದು ಕೈ ಮೊಬೈಲಿನಲ್ಲಿ ಇರುವವರಿಗೆ ವಾರಕ್ಕೆ ಮೂರು ಸೂಚನೆ ಧಾರಾಳ. ಪ್ರತಿಯೊಂದಕ್ಕೂ ಉದ್ದ ಮತ್ತು ಕಾರಣ ನಮೂದಾಗಿರಲಿ: “ಕಂಪನಿಯ ಒಳರಾಜಕೀಯದ ಕಥೆ ಕೇಳಿದ್ದಿರಿ, ಯಶವಂತ ಚಿತ್ತಾಲರ ‘ಶಿಕಾರಿ’ ಮುಂಬಯಿಯದೇ, ದೊಡ್ಡದು, ರಜೆಗೆ ಇಟ್ಟುಕೊಳ್ಳಿ. ರೈಲಿಗೆ ಜಯಂತ ಕಾಯ್ಕಿಣಿಯವರ ಒಂದು ಕತೆ ಸಾಕು.” ಕಾರಣ ಕಣ್ಣೆದುರಿಗಿದ್ದರೆ ತಪ್ಪು ಸೂಚನೆಯನ್ನೂ ಕ್ಷಣದಲ್ಲಿ ತಳ್ಳಿಹಾಕಬಹುದು.

ಜನ ತಮ್ಮ ಬಗ್ಗೆ ನಿಜ ಹೇಳುವುದಿಲ್ಲ, ಮಹಾಕಾವ್ಯ ಎಂದು ಬರೆದು ಪತ್ತೇದಾರಿ ಓದುತ್ತಾರೆ ಎಂಬ ಆಕ್ಷೇಪ ಹಳೆಯದು, ಹುರುಳಿರುವಂಥದ್ದೂ ಹೌದು. ಗುರುತು ಹಾಕಿ ಹಿಂತಿರುಗಿಸುವ ಚೀಟಿ ಇದ್ದದ್ದೇ ಅದಕ್ಕೆ. ಆದರೂ ಮಹಾಕಾವ್ಯ ಓದುವ ಆಸೆಯನ್ನು ಸುಳ್ಳೆಂದು ಬಿಸಾಡುವ ಹಕ್ಕು ಯಂತ್ರಕ್ಕಿಲ್ಲ. ಕೇಳಿದ್ದನ್ನೇ ಕೊಟ್ಟರೆ ಓದು ಕಿರಿದಾಗುತ್ತದೆ ಎಂಬ ಮಾತು ಇನ್ನೂ ಗಟ್ಟಿ. ಮೂರರಲ್ಲಿ ಒಂದನ್ನು ಪಟ್ಟಿ ನೋಡದೆ ಸಂಪಾದಕರು ಹೆಸರು ಹಾಕಿ ಆರಿಸಲಿ. ಗ್ರಂಥಮಾಲೆಯ ಪಾಠ ಅದು. ಇನ್ನು, ಪಠ್ಯವನ್ನೇ ಓದಬಲ್ಲ ಹೊಸ ಭಾಷಾ ಮಾದರಿಗಳು ಬಂದಿರುವಾಗ ಈ ಶ್ರಮ ಏಕೆ ಎನ್ನಬಹುದು. ಅವು ಓದಬೇಕಾದರೂ ಪುಸ್ತಕ ಡಿಜಿಟಲ್ ಆಗಿರಬೇಕು. ಹಳೆಯ ಕನ್ನಡ ಸಂಕಲನಗಳಲ್ಲಿ ಎಷ್ಟೋ ಇನ್ನೂ ಕಪಾಟಿನಲ್ಲೇ ಇವೆ.

ನಿಜವಾದ ಕೊರತೆ ಇರುವುದು ಪುಸ್ತಕದ ವಿವರಗಳಲ್ಲಿ. ನಮ್ಮ ಪುಸ್ತಕಪಟ್ಟಿಗಳಲ್ಲಿ ಬಹುಪಾಲು ಹೆಸರು, ಲೇಖಕರು, ಬೆಲೆ ಹೇಳಿ ಸುಮ್ಮನಾಗುತ್ತವೆ. ಕತೆಗಳ ಶೀರ್ಷಿಕೆ, ಪುಟ, ನಡೆಯುವ ಊರು, ವಸ್ತು ಇಷ್ಟನ್ನು ದಾಖಲಿಸುವ ಕೆಲಸಕ್ಕೆ ಬೇಕಾಗಿರುವುದು ಓದಿದ ಜನ. ಶಾಲೆ, ಕಾನೂನು ಕಾಲೇಜು ನಡೆಸುವ ಚೆಂಬೂರು ಕರ್ನಾಟಕ ಸಂಘದಂಥ ಸಂಸ್ಥೆಗಳು, ಮಾಟುಂಗಾದ ಮೈಸೂರು ಅಸೋಸಿಯೇಷನ್, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸೇರಿ ಮುಂಬಯಿ ಲೇಖಕರ ಪುಸ್ತಕಗಳಿಂದಲೇ ಇದನ್ನು ಆರಂಭಿಸಲಿ.